ಸೀಜನ್ ಮುಗೀಲಿ ಮೇಡಂ

ಹುಣಸೂರಿನ ಒಂದು ಖಾಸಗಿ ಜೂನಿಯರ್ ಕಾಲೇಜಿಗೆ ಫಿಸಿಕ್ಸ್ ಲೆಕ್ಚರರ್ ಆಗಿ ಸೇರಿದ ದಿನ ನಾನು ಎರಡು ಕಾಗದಗಳಿಗೆ ಸಹಿ ಮಾಡಿದೆ. ಒಂದು, ಕೆಲಸಕ್ಕೆ ಹಾಜರಾದದ್ದಕ್ಕೆ. ಇನ್ನೊಂದು, ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿವರೆಗಿನ ನನ್ನ ಅಸಲಿ ಅಂಕಪಟ್ಟಿಗಳನ್ನು ಕಾಲೇಜಿನ ವಶಕ್ಕೆ ಒಪ್ಪಿಸಿದ್ದಕ್ಕೆ. "ಎಲ್ಲಾರ್ದೂ ಇಟ್ಕೋತೀವಿ ಮೇಡಂ. ವರ್ಷದ ನಡುವೆ ಬಿಟ್ಟು ಹೋದ್ರೆ ಹುಡುಗರ ಗತಿ ಏನು?" ಎಂದರು ಗುಮಾಸ್ತರು. ಕಂದು ಕವರಿನ ಮೇಲೆ ನನ್ನ ಹೆಸರು ಬರೆದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನಗೇನೂ ಅನ್ನಿಸಲಿಲ್ಲ. ಒಂದು ವರ್ಷ ಪಾಠ ಮಾಡಿ, ಒಂದಿಷ್ಟು ಅನುಭವ ಗಳಿಸಿ, ಸಂಶೋಧನೆಗೆ ಹೋಗುವುದೆಂದು ತೀರ್ಮಾನಿಸಿಕೊಂಡಿದ್ದೆ. ದ್ರವಸ್ಫಟಿಕಗಳ ಮೇಲೆ ಕೆಲಸ ಮಾಡಬೇಕೆಂಬುದು ನನ್ನ ಆಸೆ. ನೀರಿನ ಹಾಗೆ ಹರಿಯುತ್ತಲೇ ಹರಳಿನ ಹಾಗೆ ಶಿಸ್ತಾಗಿ ನಿಲ್ಲುವ ವಸ್ತು ಅದು. ಎಂ.ಎಸ್ಸಿಯಲ್ಲಿ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಅದರ ಬಣ್ಣಗಳನ್ನು ನೋಡಿದ್ದೆ. ಆಮೇಲೆ ಬೇರೆ ಯಾವುದೂ ಮನಸ್ಸಿಗೆ ಹಿಡಿದಿರಲಿಲ್ಲ.

ತೊಂಬತ್ತರ ದಶಕದ ಆರಂಭದ ವರ್ಷಗಳು ಅವು. ಕಾಲೇಜಿನ ಅಧ್ಯಕ್ಷರು ಹೊಗೆಸೊಪ್ಪಿನ ದೊಡ್ಡ ಬೆಳೆಗಾರರು. ಅರವತ್ತರ ಆಸುಪಾಸು, ಬಿಳಿ ಪಂಚೆ, ಬಿಳಿ ಅಂಗಿ, ಯಾರೊಡನೆಯೂ ದನಿ ಏರಿಸಿ ಮಾತಾಡಿದವರಲ್ಲ. ಕೆಲಸಕ್ಕೆ ಸೇರಿದ ಮರುವರ್ಷ, ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಬೆಳಕಿನ ವಕ್ರೀಭವನ ಹೇಳಿಕೊಡುತ್ತಿದ್ದಾಗ ಅವರೇ ಕ್ಲಾಸಿನ ಬಾಗಿಲಿಗೆ ಬಂದು ನಿಂತರು.

"ಮೇಡಂ, ನಿಮ್ ಪುಸ್ತಕದಾಗೆ ಶಾಖದ ಪಾಠ ಅದಂತಲ್ಲ? ಒಸಿ ನಮ್ ಬ್ಯಾರನ್ ನೋಡ್ಬುಡಿ. ಎಲ್ಡು ಸಲ ಬೇಯಿಸಿದ್ದೂ ಹಸರಾಗೋಗದೆ."

ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಮನೆ. ಕಿಟಕಿಯಿಲ್ಲದ ಎತ್ತರದ ನಾಲ್ಕು ಗೋಡೆ. ಹೊರಗಡೆ ಒಲೆ, ಒಳಗೆ ನೆಲದ ಮೇಲೆ ಹಾಯುವ ತಗಡಿನ ಕೊಳವೆಗಳು, ಅವುಗಳ ಶಾಖಕ್ಕೆ ಮೇಲೆ ಸಾಲುಸಾಲಾಗಿ ಕಡ್ಡಿಗಳಲ್ಲಿ ತೂಗುವ ಎಲೆ. ಹುಣಸೂರಿನಲ್ಲಿ ಒಂದು ವರ್ಷ ಇದ್ದೂ ನಾನು ಒಂದನ್ನೂ ಒಳಹೊಕ್ಕು ನೋಡಿರಲಿಲ್ಲ. ಲ್ಯಾಬಿನಿಂದ ಎರಡು ಥರ್ಮಾಮೀಟರ್ ತೆಗೆದುಕೊಂಡು ಹೋದೆ. ಒಂದರ ಬುಡಕ್ಕೆ ಲಾಟೀನಿನ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಬಾಟಲಿಯಲ್ಲಿ ಇಳಿಬಿಟ್ಟೆ. ಒದ್ದೆ ಬತ್ತಿಯದು ಒಣಗಿದ್ದಕ್ಕಿಂತ ಎಷ್ಟು ಕೆಳಗೆ ನಿಲ್ಲುತ್ತದೋ, ಗಾಳಿ ಅಷ್ಟು ಒಣಗಿದೆ ಎಂದರ್ಥ. ಇದು ಹೈಸ್ಕೂಲಿನ ಪಾಠ. ಮೊದಲ ದಿನವೇ ಎರಡರ ನಡುವೆ ವಿಪರೀತ ಅಂತರ ಕಂಡಿತು. ಸುತ್ತಲೂ ಒಂದು ಸುತ್ತು ಹಾಕಿದೆ. ಕೆಳಗಿನ ಗಾಳಿಕಿಂಡಿಗಳ ಹಲಗೆಗಳು ಗೆದ್ದಲು ತಿಂದು ಮುಚ್ಚದಂತಾಗಿದ್ದವು. ಎಲೆ ಹಳದಿಯಾಗುವ ಮೊದಲೇ ಒಣಗಿ ಸಾಯುತ್ತಿತ್ತು. ಹಸಿ ಗೋಣಿಚೀಲ ತುರುಕಿಸಿದೆ. ಆರನೆಯ ದಿನ ಬಾಗಿಲು ತೆಗೆದಾಗ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು.

ಅಧ್ಯಕ್ಷರು ಒಂದು ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ಎಲ್ಡು ತಿಂಗಳ ಮಟ್ಟಿಗೆ ಈ ಕಡೆ ನೋಡ್ಕಳಿ ಮೇಡಂ. ಕ್ಲಾಸು ಬೇರೇರು ತಗೋತಾರೆ" ಎಂದರು. ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಸುಳ್ಳಾಗುತ್ತದೆ. ವಕ್ರೀಭವನಕ್ಕೆ ಆಕಳಿಸುವ ಹುಡುಗರ ಎದುರು ನಿಂತು ಸಾಕಾಗಿತ್ತು. ಇಲ್ಲಿ ನಾನು ಹೇಳಿದ ಮಾತಿಗೆ ಎಲೆ ಬಣ್ಣ ಬದಲಿಸಿತ್ತು.

ಕೆ.ಆರ್. ನಗರದಲ್ಲಿದ್ದ ನನ್ನ ಅಮ್ಮನಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಆ ಭಾನುವಾರ ಅಕ್ಕಿ ಆರಿಸುತ್ತಾ, "ಬೀಡಿ ಸಿಗರೇಟು ಸೇದೋರ್ಗೆ ಸೊಪ್ಪು ಒಣಗ್ಸಕ್ಕೆ ಅಷ್ಟೆಲ್ಲ ಓದುದ್ಯಾ?" ಎಂದು ಕೇಳಿದಳು. ಎರಡೇ ತಿಂಗಳು ಎಂದೆ.

ಮರುವರ್ಷವೂ ಜುಲೈ ಬಂತು. ಅಧ್ಯಕ್ಷರು ಒಂದು ಮೊಪೆಡ್ ಕೊಡಿಸಿದ್ದರು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹಳ್ಳಿಗಳಿಂದಲೂ ಜನ ಕೇಳಿಕೊಂಡು ಬರುತ್ತಿದ್ದರು. ಬ್ಯಾಗಿನಲ್ಲಿ ಥರ್ಮಾಮೀಟರು, ಬತ್ತಿ, ನೀರಿನ ಬಾಟಲಿ. ಗಂಡಸರು ಮೊದಮೊದಲು ನಗುತ್ತಿದ್ದರು. ಆಮೇಲೆ ಬ್ಯಾರನ್ ಬಾಗಿಲಲ್ಲಿ ನನಗಾಗಿ ಕುರ್ಚಿ ಹಾಕಿಡತೊಡಗಿದರು. ಆ ಆಗಸ್ಟಿನಲ್ಲೇ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಿಂದ ಪತ್ರ ಬಂತು. ಬೇಸಿಗೆಯಲ್ಲಿ ನಾನು ಬರೆದಿದ್ದ ಅವರ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಹತ್ತು ದಿನದೊಳಗೆ ಅಸಲಿ ಅಂಕಪಟ್ಟಿಗಳೊಡನೆ ಬಂದು ಸೇರಬೇಕೆಂದಿತ್ತು.

ಗುಮಾಸ್ತರು ಬೀರುವಿನ ಕಡೆ ನೋಡಿ, "ಅಧ್ಯಕ್ಷರು ಹೇಳದೆ ನಾನು ತೆಗೆಯೋ ಹಾಗಿಲ್ಲ ಮೇಡಂ" ಎಂದರು. ಅಧ್ಯಕ್ಷರು ಸರಗೂರಿಗೆ ಹೋಗಿದ್ದರು. ಎರಡು ದಿನ ಕಾದೆ. ಮೂರನೆಯ ದಿನ ಪತ್ರವನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಕೋಟೆಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಸರಗೂರು ಸೇರಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನನ್ನ ಕಾಗದ ಕೊಡಿ ಸರ್, ನಾಡಿದ್ದು ಹೊರಡಬೇಕು.

ಅವರು ಪೇಟೆಯ ಒಂದು ಗೊಬ್ಬರದ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದರು. ಸುತ್ತಲೂ ಇಪ್ಪತ್ತು ಜನ ರೈತರು. ನನ್ನನ್ನು ಕಂಡಕೂಡಲೇ ಅವರ ಮುಖ ಅರಳಿತು.

"ನೋಡ್ರಪ್ಪಾ, ನಾ ಏಳ್ತಿದ್ನಲ್ಲ, ಇವ್ರೇ ಕಣ್ರಪ್ಪಾ ನಮ್ ಮೇಡಂ. ನನ್ ಮಗಳಿದ್ದಂಗೆ. ನೀವು ಕೇಳೋದೆಲ್ಲ ಇವ್ರುನ್ನ ಕೇಳಿ."

ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಒಬ್ಬ ಎಲೆ ತಂದಿದ್ದ, ಮೈತುಂಬ ಕಂದು ಚುಕ್ಕೆ. ಇನ್ನೊಬ್ಬನ ಬ್ಯಾರನ್ ಒಂದೇ ಮೂಲೆಯಲ್ಲಿ ತಣ್ಣಗಿರುತ್ತಿತ್ತು. ಮಳೆ ಹಿಡಿದಾಗ ಮೇಲಿನ ಕಿಂಡಿ ತೆರೆಯಬೇಕೋ ಮುಚ್ಚಬೇಕೋ ಎಂದು ಮತ್ತೊಬ್ಬ. ನಾನು ಹೇಳುತ್ತಾ ಹೋದೆ. ಯಾರೋ ಮುದ್ದೆ ಊಟ ತಂದುಕೊಟ್ಟರು, ಉಂಡು ಮತ್ತೆ ಹೇಳಿದೆ. ಅಷ್ಟು ಜನರ ಮುಂದೆ ಬ್ಯಾಗಿನಿಂದ ಪತ್ರ ತೆಗೆಯಲು ಕೈ ಬರಲಿಲ್ಲ. ಸಂಜೆ ಅವರ ಜೀಪಿನಲ್ಲೇ ವಾಪಸ್ಸು ಹೊರಟಾಗ ಅಂತೂ ಬಾಯಿ ಬಿಟ್ಟೆ.

ಅವರು ಪತ್ರ ಇಸಕೊಂಡು ಪೂರ್ತಿ ಓದಿದರು. "ಮಗಳು ಓದ್ತೀನಿ ಅಂದ್ರೆ ಅಪ್ಪ ಬ್ಯಾಡ ಅಂದಾನಾ? ಓಗಿ. ಆದ್ರೆ ಈಗ್ಲೇ ನೀವು ಬುಟ್ಟೋದ್ರೆ ಇವ್ರೆಲ್ಲ ಯಾರ ಮಕ ನೋಡಾರು ಏಳಿ? ಸೀಜನ್ ಮುಗೀಲಿ ಮೇಡಂ. ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ."

ಸೀಜನ್ ಮುಗಿಯುವುದು ಅಕ್ಟೋಬರಿಗೆ. ಪತ್ರದ ಗಡುವು ಇನ್ನು ಏಳು ದಿನ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಆಗಲಿ ಸರ್" ಎಂದೆ.

ಆ ಏಳು ದಿನವನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಸಂಸ್ಥೆಗೆ ಒಂದು ಕಾಗದ ಬರೆದು ತಿಂಗಳ ಅವಧಿ ಕೇಳಬಹುದಿತ್ತು. ಅಂಕಪಟ್ಟಿಯ ನಕಲು ಪ್ರತಿಗೆ ಅರ್ಜಿ ಹಾಕಬಹುದಿತ್ತು. ಪ್ರತಿ ಬೆಳಿಗ್ಗೆ ಬರೆಯೋಣವೆಂದು ಕುಳಿತುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಯಾವುದೋ ಊರಿನಿಂದ ಯಾರೋ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು. ಎಂಟನೆಯ ದಿನ ಗಡುವು ದಾಟಿತ್ತು. ಅಂದೂ ಮೊಪೆಡ್ ಹತ್ತಿ ವೀರನಹೊಸಹಳ್ಳಿ ಕಡೆಗೆ ಹೋದೆ. ಕಾಡಂಚಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತೆ. ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು, "ಎಣ್ಣೆ ಕಾಲಿಯಾಯ್ತಾ?" ಎಂದು ಕೇಳಿದಳು. ಹೌದೆಂದೆ.

ಅಲ್ಲಿಂದ ಮುಂದೆ ಒಂದಾದ ಮೇಲೊಂದು ಬಡ್ತಿ. ಅಧ್ಯಕ್ಷರು ಒಲೆ ಮತ್ತು ಕೊಳವೆ ಮಾಡುವ ವರ್ಕ್‌ಶಾಪ್ ತೆರೆದರು. ಸೌದೆ ಕಡಿಮೆ ತಿನ್ನುವ ಒಲೆಯ ನಕ್ಷೆ ನನ್ನದು. ಅದನ್ನು ಮಾಡಿಸಲು ಬೆಸುಗೆಯವರ ಜೊತೆ ನಿಂತೆ, ಮಾರಲು ಊರೂರು ಸುತ್ತಿದೆ. ಮೂರು ವರ್ಷದಲ್ಲಿ ಮ್ಯಾನೇಜರ್ ಆದೆ. ಕಾಲೇಜಿನಲ್ಲಿ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಅದೇ ಕಾಲೇಜಿನ ಕನ್ನಡ ಮೇಷ್ಟ್ರನ್ನು ಮದುವೆಯಾದೆ. ಮದುವೆಯ ಓಡಾಟವನ್ನೆಲ್ಲ ಅಧ್ಯಕ್ಷರೇ ತಂದೆಯ ಜಾಗದಲ್ಲಿ ನಿಂತು ಮಾಡಿದರು, ನನ್ನ ತಂದೆ ಇಲ್ಲವಾಗಿ ಬಹಳ ವರ್ಷವಾಗಿತ್ತು. ಅಂಥವರ ಮುಂದೆ ಹೋಗಿ ನನ್ನ ಕವರು ಕೊಡಿ ಎಂದು ಕೇಳುವುದು ಹೇಗೆ? ಆದರೂ ಪ್ರತಿವರ್ಷ ಬೆಳೆ ಮುಗಿದ ಮೇಲೆ ಮನೆಯಲ್ಲಿ ಗೊಣಗುತ್ತಿದ್ದೆ. ಒಂದು ಸಲ ನನ್ನ ಗಂಡ ಪುಸ್ತಕದಿಂದ ತಲೆಯೆತ್ತಿ, "ನಿನ್ನನ್ನು ಯಾರೂ ಕಟ್ಟಿ ಹಾಕಿಲ್ವಲ್ಲ" ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಮಾಸ್ತರು ನಿವೃತ್ತರಾದರು. ಕೊನೆಯ ದಿನ ವರ್ಕ್‌ಶಾಪಿಗೇ ಬಂದು ನನ್ನ ಮೇಜಿನ ಮೇಲೆ ಕಂದು ಕವರು ಇಟ್ಟರು.

"ಬೀರು ಖಾಲಿ ಮಾಡ್ತಿದ್ದೆ ಮೇಡಂ. ಬೇರೆಯವ್ರೆಲ್ಲ ಯಾವಾಗ್ಲೋ ತಗೊಂಡ್ ಹೋದ್ರು. ನಿಮ್ದೊಂದೇ ಉಳಿದಿತ್ತು."

"ಅಧ್ಯಕ್ಷರು ಹೇಳಬೇಕು ಅಂದಿದ್ರಲ್ಲ ನೀವು?"

"ಅದು ಮೊದಲ ಸಲ ಕೇಳಿದೋರಿಗೆಲ್ಲ ಹೇಳೋ ಮಾತು" ಎಂದು ಅವರು ಸಂಕೋಚದಿಂದ ನಕ್ಕರು. "ಎರಡನೇ ಸಲ ಕೇಳಿದ್ರೆ ಕೊಟ್ಬಿಡ್ತಿದ್ದೆ. ನೀವು ಮತ್ತೆ ಬರ್ಲೇ ಇಲ್ಲ."

ಕವರು ಹಿಡಿದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಅವರಿಗೆ ಆಗ ಕಿವಿ ಮಂದವಾಗಿತ್ತು, ಕಾಲು ಊದಿಕೊಂಡಿತ್ತು. ಬೆಂಗಳೂರಿನಿಂದ ಬಂದಿದ್ದ ಪತ್ರ ನೆನಪಿದೆಯಾ ಎಂದು ಜೋರಾಗಿ ಕೇಳಿದೆ. ಅವರು ನಿಜವಾಗಿ ಯೋಚಿಸಿದರು, ಹಣೆ ಉಜ್ಜಿಕೊಂಡರು. "ಯಾವ ಕಾಗ್ದ ಮಗಾ? ನೀನು ಯಾವತ್ತೂ ಓಯ್ತೀನಿ ಅಂತ ಏಳ್ನೇ ಇಲ್ವಲ್ಲ" ಎಂದರು. ಅದು ನಾಟಕವಾಗಿರಲಿಲ್ಲ. ಹತ್ತು ವರ್ಷದಿಂದ ಕೂಡಿಟ್ಟ ಸಿಟ್ಟನ್ನು ಯಾರ ಮೇಲೆ ಸುರಿಯಬೇಕೋ ಆ ಮನುಷ್ಯನಿಗೆ ಅದರ ಕಾರಣವೇ ಮರೆತುಹೋಗಿತ್ತು. ಅವರ ಸೊಸೆ ಕಾಫಿ ತಂದುಕೊಟ್ಟಳು. ಕುಡಿದು ಬಂದೆ.

ಅವರು ತೀರಿಕೊಂಡ ಮೇಲೆ ವರ್ಕ್‌ಶಾಪನ್ನು ಬೆಂಗಳೂರಿನ ಒಂದು ಕಂಪನಿ ಕೊಂಡಿತು, ಜೊತೆಗೆ ನನ್ನನ್ನೂ. ಈ ಸಲ ಕಾರ್ಡಿನ ಮೇಲೆ 'ನಾಲೆಡ್ಜ್ ಎಕ್ಸ್‌ಪರ್ಟ್' ಎಂದು ಅಚ್ಚು ಹಾಕಿಸಿಕೊಟ್ಟರು. ಕೆಲಸವೇನೆಂದರೆ, ನಾಲ್ಕು ತಾಲ್ಲೂಕುಗಳ ಅನುಭವಸ್ಥರಿಗೆ ಗೊತ್ತಿರುವುದನ್ನೆಲ್ಲ ಕೇಳಿ ಬರೆದು, ಕೈಪಿಡಿ ಮಾಡಿ, ಹೊಸಬರಿಗೆ ತರಬೇತಿ ಕೊಡುವುದು. ಹಾಗೆ ಕಂಪಲಾಪುರದ ಹತ್ತಿರದ ಒಬ್ಬ ಅಜ್ಜಿಯ ಬಳಿ ಹೋಗಿ ಕುಳಿತೆ. ಗಂಡ ಸತ್ತ ಮೇಲೆ ಒಬ್ಬಳೇ ಬ್ಯಾರನ್ ನಡೆಸಿದವಳು, ನನ್ನ ಮೊಪೆಡ್ ಕಾಲದಿಂದಲೂ ಪರಿಚಯ. ನನ್ನ ಥರ್ಮಾಮೀಟರನ್ನು ಅವಳು ಒಮ್ಮೆಯೂ ನೆಚ್ಚಿದವಳಲ್ಲ. ಗೋಡೆಗೆ ಕಿವಿಯಿಟ್ಟು ಎಲೆಯ ಸದ್ದು ಕೇಳುತ್ತಿದ್ದಳು. ಹಸಿ ಎಲೆ ಸದ್ದು ಮಾಡದು, ಅಂಚು ಒಣಗಿದಾಗ ಪಿಸುಗುಡುತ್ತದೆ, ದಂಟು ಒಣಗಿದರೆ ಚಿಟಿಕೆ ಹೊಡೆದಂತೆ ಕೇಳುತ್ತದೆ ಎಂದಳು. ನಾನು ಬರೆದುಕೊಂಡೆ.

ಬರೆಯುವುದು ಮುಗಿದಾಗ ಅವಳು ನನ್ನನ್ನೇ ನೋಡುತ್ತಾ, "ಒಂದ್ ಮಾತು ಏಳ್ಲಾ ಮಗಾ?" ಎಂದಳು.

"ಹೇಳಜ್ಜಿ."

"ಇಷ್ಟೊರ್ಸದಿಂದ ಬತ್ತಿದ್ದೀಯೆ. ಆ ಬ್ಯಾಗ್ನ ಒಂದಿನಾನೂ ಎಗಲಿಂದ ಕೆಳಗಿಟ್ಟಿದ್ದ ಕಾಣೆ. ಈಗ್ಲೇ ಎದ್ದು ಓಗೋರಂಗೇ ಕುಂತ್ಕತೀಯ. ಓಗೋದೂ ಇಲ್ಲ."

ಬ್ಯಾಗು ತೆಗೆದು ಪಕ್ಕಕ್ಕಿಟ್ಟೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ, ಕಂಪನಿಗೆ ಹೇಳದೆ, ಮೈಸೂರಿಗೆ ಹೋಗಿ ದ್ರವಸ್ಫಟಿಕದ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಪ್ರೊಫೆಸರನ್ನು ಕಂಡೆ. ನನಗಿಂತ ಐದಾರು ವರ್ಷ ಚಿಕ್ಕವರು. ಬಹಳ ಮರ್ಯಾದೆಯಿಂದ ಮಾತಾಡಿಸಿ ಲ್ಯಾಬಿಗೆ ಕರೆದೊಯ್ದರು. ಈಗ ಬಣ್ಣಗಳು ಕಾಣುವುದು ಕಂಪ್ಯೂಟರಿನ ಪರದೆಯ ಮೇಲೆ. ಒಬ್ಬಳು ಸಂಶೋಧಕಿ ಏನೋ ಲೆಕ್ಕ ವಿವರಿಸಿದಳು. ಮೊದಲ ಎರಡು ಹೆಜ್ಜೆ ಅರ್ಥವಾಯಿತು, ಆಮೇಲೆ ಸುಮ್ಮನೆ ತಲೆಯಾಡಿಸಿದೆ. "ಅರೆಕಾಲಿಕವಾಗಿ ಸೇರಬಹುದು ಮೇಡಂ, ಆದರೆ ಮೊದಲು ಎರಡು ವರ್ಷ ಓದಬೇಕಾಗುತ್ತೆ" ಎಂದರು ಪ್ರೊಫೆಸರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅರ್ಜಿ ಫಾರಂ ಕೂಡ ಕೊಟ್ಟರು. ಕಿಟಕಿಯ ಪಕ್ಕ ಕುಳಿತು ಅದನ್ನು ಓದುವಾಗ ನನಗೆ ಭಯವಾಯಿತು. ಇಷ್ಟು ಕಾಲ ನನ್ನನ್ನು ತಡೆದವರು ಇದ್ದರೆಂದು ನಂಬಿಕೊಂಡು ಬದುಕಿದ್ದೆ. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ, ಕಾಲು ಮಾತ್ರ ಏಳಲಿಲ್ಲ.

ಫಾರಂ ತುಂಬಲಿಲ್ಲ. ಎರಡು ವರ್ಷ ಕಳೆದು ಕಂಪನಿಯ ಕೆಲಸ ಬಿಟ್ಟೆ. ಈಗ ಸ್ವತಂತ್ರ ಸಲಹೆಗಾರ್ತಿ ಎನ್ನುತ್ತಾರೆ. ಸ್ವತಂತ್ರಳಾಗಿ ಓಡಾಡುವುದೂ ಅದೇ ನಾಲ್ಕು ತಾಲ್ಲೂಕುಗಳಲ್ಲಿ. ಈಚೆಗೆ ಹುಣಸೂರಿನ ಬಸ್ಸಿನಲ್ಲಿ ಬರುತ್ತಿದ್ದಾಗ ಕೋಟೆ ಕಡೆಯ ಒಬ್ಬ ರೈತ ಫೋನ್ ಮಾಡಿದ. ಎಲೆಯ ತುದಿ ಕಂದಾಗುತ್ತಿದೆ ಎಂದು ಗಾಬರಿಯಲ್ಲಿದ್ದ. ಮೇಲಿನ ಕಿಂಡಿ ಒಂದು ಗೇಣು ತೆರೆಯಿರಿ, ಸೌದೆ ಹೆಚ್ಚಿಸಬೇಡಿ ಎಂದೆ. ಪಕ್ಕದ ಸೀಟಿನ ಹೆಂಗಸು, "ಡಾಕ್ಟ್ರಾ ನೀವು?" ಎಂದು ಕೇಳಿದಳು. ಅಲ್ಲವೆಂದೆ. ಹಾಗಾದರೆ ಏನು ಕೆಲಸ ಎಂದಳು. ಹೇಳಲು ಹೊರಟು, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಟೀಚರು ಎಂದುಬಿಟ್ಟೆ.