ಮಗನ ಮಾತ್ರೆ, ಮೊಮ್ಮಗಳ ಮೀನೆಣ್ಣೆ

"ಅಪ್ಪಾ, ಜಸ್ಟ್ ಸ್ಮೆಲ್ ಇಟ್!" ಎನ್ನುತ್ತಾ ಮೊಮ್ಮಗಳು ನನ್ನ ಮಗನ ಮಾತ್ರೆಗೆ ಸೂಜಿ ಚುಚ್ಚಿ ಅವನ ಮೂಗಿಗೆ ಹಿಡಿದಳು. ಹೃದಯಕ್ಕೆ ಒಳ್ಳೆಯದೆಂದು ಅವನು ದಿನವೂ ನುಂಗುವ ಮೀನೆಣ್ಣೆಯ ಮಾತ್ರೆ ಅದು. ಅದರ ಕಮಟು ವಾಸನೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಬ್ರಿಸ್ಬೇನಿನ ಈ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ. ಯೂನಿವರ್ಸಿಟಿಯಲ್ಲಿ ಮೀನೆಣ್ಣೆ ಕೆಡದಂತೆ ಕಾಯುವ ಸಂಶೋಧನೆ ಮೊಮ್ಮಗಳದು. ಅದನ್ನು ಬಿಟ್ಟುಬಿಡು ಎಂದು ಮಗನ ಹಟ.

ಅವಳು ತನ್ನ ಸೀಸೆಯ ಮುಚ್ಚಳ ತೆಗೆದಳು. ಕರಿಬೇವಿನ ಸಾರ ಬೆರೆಸಿಟ್ಟ ಎರಡು ತಿಂಗಳ ಹಳೆಯ ಮೀನೆಣ್ಣೆಗೆ ಕಮಟು ಹತ್ತಿರಲಿಲ್ಲ. ತುಪ್ಪ ಕೆಡದಿರಲೆಂದು ಬೆಣ್ಣೆ ಕಾಯಿಸುವಾಗ ನಾನು ವೀಳ್ಯದೆಲೆ ಹಾಕುವುದನ್ನು ನೋಡಿಯೇ ಅವಳಿಗೆ ಸೊಪ್ಪಿನ ಯೋಚನೆ ಬಂತಂತೆ! ನಾನು ಉಬ್ಬಿಹೋದೆ.

"ಏನೇ ಆಗ್ಲಿ, ಮೀನು ಮುಟ್ಟೋ ಕೆಲಸ ನಮ್ಮನೆಗೆ ಬೇಡ," ಎಂದ ಮಗ.

"ಮುಟ್ಟಿದ್ರೆ ಮೈಲಿಗೆ, ನುಂಗಿದ್ರೆ ಮಡೀನೇನೋ?" ಎಂದೆ.

"ಅಜ್ಜಿ, ಯು ಆರ್ ಎ ಲೆಜೆಂಡ್!" ಎಂದು ಮೊಮ್ಮಗಳು ನನ್ನನ್ನು ಬಿಗಿದಪ್ಪಿದಳು.

ಅವಳು ಕೆಲಸ ಬಿಡಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ದೇವಸ್ಥಾನದಲ್ಲೂ ಸಿಕ್ಕವರಿಗೆಲ್ಲ "ನನ್ನ ಮೊಮ್ಮಗಳು ಮೀನೆಣ್ಣೆ ಕಾಯ್ತಾಳೆ" ಎಂದು ಹೇಳಿಕೊಂಡು ತಿರುಗುತ್ತೇನೆ. ಮಗನೂ ಹೆಮ್ಮೆಯಿಂದಲೇ ಹೇಳುತ್ತಾನೆ, ಆದರೆ "ಕರಿಬೇವಿನ ರಿಸರ್ಚ್" ಎನ್ನುತ್ತಾನೆ.