ಟೈಪ್ ಮಾಡಿದರೆ ಬದಲಾಗುವ ಪುಟ

ಆ ಮಧ್ಯಾಹ್ನವನ್ನು ನಾನು ಇವತ್ತಿಗೂ ಮರೆತಿಲ್ಲ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ವೆಬ್ ಪುಟ ಕಟ್ಟುವ ಹುಚ್ಚು ಹತ್ತಿತ್ತು. ಆಗಷ್ಟೇ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಹೊಸ ಟೂಲ್ ಸಿಕ್ಕಿತ್ತು. ತೆರೆದ ಪುಟದ ಕೋಡ್ ಕೆಳಗೆ ಕಾಣುತ್ತಿತ್ತು; ಅಲ್ಲಿ ಒಂದಕ್ಷರ ತಿದ್ದಿದರೆ ಸಾಕು, ಮೇಲೆ ಪುಟ ಆ ಕ್ಷಣವೇ ಬದಲಾಗುತ್ತಿತ್ತು. ಸೇವ್ ಮಾಡಬೇಕಿಲ್ಲ, ಕಾಯಬೇಕಿಲ್ಲ. ಬದಲಾಗುವುದು ನಮ್ಮ ಪರದೆಯಲ್ಲಷ್ಟೇ. ರಿಫ್ರೆಶ್ ಒತ್ತಿದರೆ ಮತ್ತೆ ಮೊದಲಿನಂತೆ. ಊಟ ತಿಂಡಿ ಬಿಟ್ಟು ಅದರಲ್ಲೇ ಮುಳುಗಿರುತ್ತಿದ್ದೆ.

ಅವತ್ತು ಎಸ್ಸೆಸ್ಸೆಲ್ಸಿ ರಿಸಲ್ಟು. ಹತ್ತಿರದ ಹೆಮ್ಮಿಗೆ ಹಳ್ಳಿಯ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಿದ್ದಳು. ನಂಬರು ಕೊಟ್ಟು, "ಭಯ ಆಯ್ತದೆ ಅಕ್ಕ, ಬಂದ್ರೆ ಕೂಗಿ," ಎಂದು ಹೊರಗೆ ಅಮ್ಮನ ಪಕ್ಕ ಹೋಗಿ ನಿಂತಳು. ಪುಟ ಒದ್ದಾಡಿ ಒದ್ದಾಡಿ ತೆರೆದುಕೊಂಡಿತು. ಪಾಸ್! ತಕ್ಷಣ ಕೂಗಬೇಕಿತ್ತು ತಾನೆ? ಇಲ್ಲ, ನನಗೆ ಅತಿಬುದ್ಧಿ. ಅಮ್ಮನಿಗೂ ಕಾಣಲಿ ಎಂದು ಆ ಪದವನ್ನು ದೊಡ್ಡದು ಮಾಡಿ ಹಸಿರು ಬಣ್ಣ ಕೊಟ್ಟೆ. ಅಷ್ಟಕ್ಕೇ ಬಿಟ್ಟೆನೇ? ಫೇಲಾಗಿದ್ದರೆ ಕೆಂಪಲ್ಲಿ ಹೇಗೆ ಕಾಣುತ್ತಿತ್ತು ನೋಡೋಣವೆಂದು ಅದನ್ನೂ ಟೈಪ್ ಮಾಡಿದೆ. ಅಷ್ಟರಲ್ಲಿ ಪ್ರಿಂಟರಿನಲ್ಲಿ ಕಾಗದವಿಲ್ಲದ್ದು ನೆನಪಾಗಿ ಒಳಗಿನ ಕೋಣೆಗೆ ಹೋದೆ.

ವಾಪಸ್ ಬಂದಾಗ ಬಾಗಿಲಲ್ಲಿ ತಾಯಿ ಒಬ್ಬಳೇ ಇದ್ದಳು.

"ಒಳಿಕ್ ಬಂದು ಆ ನಿಮ್ ಟೀವಿ ನೋಡಿದ್ಲು, ಏನೂ ಏಳ್ದೆ ಒಂಟೋದ್ಲು. ಏನಾಯ್ತು ಕಣವ್ವ?"

ಪರದೆಯ ಮೇಲೆ ಕೆಂಪಗೆ, ದಪ್ಪಗೆ, ಫೇಲ್. ರಿಸಲ್ಟಿನ ದಿನ ಏನೇನೆಲ್ಲ ಕೇಳಿರುತ್ತೇವೆ. ನರಸೀಪುರ ಎರಡು ಹೊಳೆ ಕೂಡುವ ಊರು ಬೇರೆ. "ಪಾಸಾಗವಳೆ ಕಣವ್ವ, ಪಾಸಾಗವಳೆ!" ಎಂದು ಕಿರುಚುತ್ತಲೇ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಅವಳಿರಲಿಲ್ಲ. ಹೊಳೆಯ ಕಡೆ ತಿರುಗಿದೆ. ಹಿಂದೆ ತಾಯಿ ಅಳುತ್ತಾ ಬರುತ್ತಿದ್ದಳು. ಈ ಹಾಳು ಕೈ ಸೇದಿಹೋಗಬಾರದೇ ಎಂದು ನನ್ನನ್ನೇ ಬೈದುಕೊಂಡೆ. ಹೊಳೆಯ ಮೆಟ್ಟಿಲ ಮೇಲೆ ಅವಳ ಜೋಡಿ ಚಪ್ಪಲಿ ಕಂಡಿತು.

ಅವಳು ಇನ್ನೂ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಇಬ್ಬರೂ ಸೇರಿ ಮೇಲಕ್ಕೆಳೆದೆವು. ತಾಯಿ ಮೊದಲು ಬೆನ್ನಿಗೆ ಎರಡು ಬಾರಿಸಿ ಆಮೇಲೆ ತಬ್ಬಿಕೊಂಡಳು.

ಸೆಂಟರಿಗೆ ಕರೆತಂದು ರಿಫ್ರೆಶ್ ಒತ್ತಿದೆ. ಪಾಸ್ ಎಂದೇ ಬಂತು. "ನೋಡವ್ವ, ನಿಜ ಇದು. ಆಗಿದ್ದದ್ದು ನಾನು ಟೈಪ್ ಮಾಡಿದ್ದು." ಹೇಗೆಂದು ತೋರಿಸಿಯೂಬಿಟ್ಟೆ, ದಡ್ಡಿ. ಪಾಸ್ ಅಳಿಸಿ ಫೇಲ್, ಫೇಲ್ ಅಳಿಸಿ ಪಾಸ್.

ಹುಡುಗಿ ಪರದೆಯನ್ನು ನೋಡಿ ನನ್ನ ಮುಖ ನೋಡಿದಳು.

"ನಾನು ಸಾಯ್ತೀನಿ ಅಂತ ಎದ್ರಕಂಡು ಈಗ ಪಾಸ್ ಅಂತ ಬರ್ದಿದ್ದೀರಿ, ಅಲ್ವಾಕ್ಕ?"

ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಪ್ರಿಂಟ್ ಕೊಟ್ಟೆ, ಅದನ್ನು ಮುಟ್ಟಲೂ ಇಲ್ಲ. ಶಾಲೆಯ ಬೋರ್ಡಿಗೆ ಪಟ್ಟಿ ಹಚ್ಚುವುದು ಮಾರನೆಯ ದಿನ. ಅಲ್ಲಿಯವರೆಗೆ ಇಡೀ ರಾತ್ರಿ ಇತ್ತು.

ಸಂಜೆ ನಂಜನಗೂಡಿನ ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ಹುಡುಗಿಯ ಕೈ ಬಿಗಿಯಾಗಿ ಹಿಡಿದುಕೊಂಡು ಅವಳ ತಾಯಿಯ ಜೊತೆ ಹೆಮ್ಮಿಗೆ ಬಸ್ಸು ಹತ್ತಿದೆ.