ದೊಡ್ಡಮ್ಮ ಕಾಯಿಸಿದ ಸೊಪ್ಪಿನ ನೀರು

ರೇಷ್ಮೆಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲದಲ್ಲಿ ನಾನು ರಾಮನಗರದ ಕಾಲೇಜಿಗೆ ಹೋಗಲೆಂದು ಕೈಲಾಂಚದ ದೊಡ್ಡಪ್ಪನ ಮನೆಯಲ್ಲಿದ್ದೆ. ಗೂಡು ಮಾರಿ ಬಂದ ದಿನ ಆ ಮನೆಯಲ್ಲಿ ಬಾಡೂಟ ತಪ್ಪುತ್ತಿರಲಿಲ್ಲ. ದೊಡ್ಡಪ್ಪನಿಗೆ ಕೊಲೆಸ್ಟರಾಲ್ ಜಾಸ್ತಿಯಿದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ಊರಿನಲ್ಲಿ ಆ ಹೆಸರನ್ನೇ ಯಾರೂ ಕೇಳಿರಲಿಲ್ಲ. ಅವರು ಅದನ್ನು ತುಸು ಜಂಬದಿಂದಲೇ ಹೇಳಿಕೊಂಡು ತಿರುಗಿದರು.

ಡಾಕ್ಟರು ಮಾತ್ರೆ ಬರೆದು, ಬಾಡು ಕಡಿಮೆ ಮಾಡಿ ಎಂದಿದ್ದರು. ದೊಡ್ಡಪ್ಪ ಮಾತ್ರೆ ನುಂಗಿದರು, ಬಾಡು ಬಿಡಲಿಲ್ಲ. ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪನ್ನೇ ಒಣಗಿಸಿ ಟೀ ಹಾಗೆ ಕಾಯಿಸಿ ಕುಡಿದರೆ ರಕ್ತದ ಕೊಬ್ಬು ಕರಗುತ್ತದೆ ಎಂದು ಗೂಡಿನ ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದರಂತೆ. ಅಂದಿನಿಂದ ದೊಡ್ಡಮ್ಮನಿಗೆ ಇನ್ನೊಂದು ಕೆಲಸ. ಎಳೆಯ ಎಲೆ ಆರಿಸಿ, ನೆರಳಿನಲ್ಲಿ ಒಣಗಿಸಿ, ಮೆಂತ್ಯದ ಜೊತೆ ಕುದಿಸಿ, ಅವರು ಏಳುವ ಹೊತ್ತಿಗೆ ಲೋಟ ಮುಂದಿಡಬೇಕು. ಆರಿಹೋಗಿದ್ದರೆ ಅಂಗಳಕ್ಕೆ ಚೆಲ್ಲುತ್ತಿದ್ದರು. ಆಕೆ ಮತ್ತೆ ಒಲೆ ಹೊತ್ತಿಸುತ್ತಿದ್ದಳು.

ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಇಳಿದಿತ್ತು. ಮಾತ್ರೆಯಿಂದಲೋ ಸೊಪ್ಪಿನಿಂದಲೋ ಡಾಕ್ಟರಿಗೂ ಹೇಳಲಾಗಲಿಲ್ಲ. ತಮ್ಮ ತೋಟದ ಸೊಪ್ಪೇ ತಮ್ಮನ್ನು ಉಳಿಸಿತು ಎಂದು ದೊಡ್ಡಪ್ಪ ಕಂಡವರಿಗೆಲ್ಲ ಹೇಳಿದರು. ಕಾಯಿಸಿದವಳ ಮಾತು ಅದರಲ್ಲಿ ಬರಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡಮ್ಮ ಸೊಪ್ಪಿನ ಹೊರೆ ಇಳಿಸಿದ ಮೇಲೆ ಗೋಡೆಗೆ ಒರಗಿ ಕೂರತೊಡಗಿದಳು. ಎಡಗೈ ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು. ಬೆಂಗಳೂರಿಗೆ ಹೋಗುವಾಗ ಅವಳನ್ನೂ ಕರೆದೊಯ್ಯಿರಿ ಎಂದು ನಾನು ದೊಡ್ಡಪ್ಪನಿಗೆ ಹೇಳಿ ನೋಡಿದೆ. ಕೊನೆಗೊಂದು ದಿನ ಅವಳೇ ಬಾಯಿಬಿಟ್ಟಳು.

"ಎದೆ ಒಸಿ ಹಿಡ್ಕಂಡಂಗಾಯ್ತದೆ. ನಂಗೂ ಒಂದ್ಸಲ ತೋರ್ಸಿ."

"ಹುಳ ನಾಲ್ಕನೇ ಜ್ವರ ಬುಟ್ಟು ಎದ್ದವೆ, ಇವಾಗ ಸೊಪ್ಪು ಹಾಕೋರ್ಯಾರು? ಗೂಡು ಕಟ್ಲಿ, ನೋಡಾನ. ನಿಂಗೇನೈತೆ, ಗ್ಯಾಸು," ಎಂದರು ದೊಡ್ಡಪ್ಪ.

ಹುಳ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅವುಗಳ ಹಸಿವಿಗೆ ಮನೆಮಂದಿಯೆಲ್ಲ ದುಡಿದರೂ ಸಾಲದು. ಅವು ಗೂಡು ಕಟ್ಟುವ ಮೊದಲೇ ದೊಡ್ಡಮ್ಮ ಹುಳದ ಮನೆಯಲ್ಲಿ ಹುಳ ಮೇಯುವ ತಟ್ಟೆಗಳ ನಡುವೆ ಬಿದ್ದಳು. ಜೀಪು ರಾಮನಗರ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಹಾರ್ಟ್ ಅಟ್ಯಾಕ್ ಎಂದ ಡಾಕ್ಟರು, ಮೊದಲು ಯಾವತ್ತಾದರೂ ರಕ್ತ ಪರೀಕ್ಷೆ ಮಾಡಿಸಿದ್ದಿರಾ ಎಂದು ಕೇಳಿದರು.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಮನೆಯ ಸೊಸೆ, ನನ್ನ ಅತ್ತಿಗೆ, ಸೊಪ್ಪಿನ ನೀರು ಕಾಯಿಸಿ ಕೊಟ್ಟರು. ದೊಡ್ಡಪ್ಪ ಒಂದು ಗುಟುಕು ಕುಡಿದು, "ಅವ್ಳು ಮಾಡ್ದಂಗಿಲ್ಲ," ಎಂದರು. ಆ ಮಾತಿನಲ್ಲಿ ದುಃಖವಿತ್ತೆಂದು ಅತ್ತಿಗೆ ಇಂದಿಗೂ ನಂಬುತ್ತಾರೆ. ನನಗೆ ಕೇಳಿಸಿದ್ದು ದೂರು. ಆ ತಿಂಗಳೇ ನಾನು ಹಾಸ್ಟೆಲ್ಲಿಗೆ ಹೋದೆ. ದೊಡ್ಡಪ್ಪ ಇನ್ನೂ ಬಹಳ ವರ್ಷ ಗಟ್ಟಿಮುಟ್ಟಾಗಿ ಬದುಕಿದರು.